ಊಟದ ಹೊತ್ತಿನ ಫೋನು

ಮಿರಜದ ಆ ದವಾಖಾನೆಯ ಎರಡನೇ ಮಹಡಿಯಲ್ಲಿ ತೂಕದ ಮಂದಿಯ ತಪಾಸಣೆ ನಡೆಯುತ್ತಿತ್ತು. ಕುರ್ಚಿ ತರಿಸಿದ ಪುಣ್ಯಾತ್ಮನಿಗೆ ಮಾತ್ರ ಆ ಸುದ್ದಿಯನ್ನು ಯಾರೂ ಮುಟ್ಟಿಸಿರಲಿಲ್ಲ. ಒಂದಕ್ಕೊಂದು ಬೆಸೆದ ಸ್ಟೀಲ್ ಕುರ್ಚಿಗಳು, ಒಂದೊಂದಕ್ಕೂ ಎರಡೆರಡು ಕೈ. ಕೂತವರನ್ನು ತಬ್ಬುವ ಕೈಗಳಲ್ಲ ಅವು, ಇಕ್ಕಳದ ಕೈಗಳು.

ಉಜ್ವಲಾ ನಿಂತೇ ಇದ್ದಳು. ಮೊಣಕಾಲಿನೊಳಗೆ ಯಾರೋ ಗಾಜು ಅರೆಯುತ್ತಿದ್ದರು. ಅಣ್ಣ ಈಶ್ವರ, "ನೀ ತೋರಿಸ್ಕೋತಿರು, ನಾ ದ್ರಾಕ್ಷಿಗೆ ಹೊಡ್ಯೂ ಎಣ್ಣಿ ತಗೊಂಡ ಬರ್ತೀನಿ" ಎಂದು ಹೋದವನು ಇನ್ನೂ ಬಂದಿರಲಿಲ್ಲ. ತಂಗಿಯ ಜೊತೆ ಇಂಥ ಕಡೆ ಕಾಣಿಸಿಕೊಳ್ಳುವುದಕ್ಕಿಂತ ಅವನಿಗೆ ಎಣ್ಣೆ ಅಂಗಡಿಯ ವಾಸನೆಯೇ ಹಿತವಾಗಿತ್ತು.

ಎದುರಿನ ಗೋಡೆಗೆ ಒಬ್ಬ ಆತು ನಿಂತಿದ್ದ. ಅವಳಿಗಿಂತ ದೊಡ್ಡ ದೇಹ. ಅಂಗಿಯ ಗುಂಡಿಗಳು ಜೀವ ಬಿಗಿಹಿಡಿದುಕೊಂಡಿದ್ದವು. ಬಂದಾಗಿನಿಂದ ಅವನ ಕಣ್ಣು ಅವಳ ಸೊಂಟದ ಕಡೆಗೇ ಇತ್ತು. ಹಾಗೆ ನೋಡಿಸಿಕೊಳ್ಳುವುದು ಉಜ್ವಲಾಗೆ ಹೊಸದಲ್ಲ. ಆದರೆ ತನ್ನಂಥವನೇ ನೋಡಿದರೆ?

"ಏನ್ ನೋಡಾಕತ್ತೀರಿ? ಮನ್ಯಾಗ ಕನ್ನಡಿ ಇಲ್ಲೇನ್ರಿ?"

"ಐತ್ರಿ." ಅವನಿಗೆ ನಾಚಿಕೆಯೂ ಆಗಲಿಲ್ಲ. "ಆದ್ರ ಅದರಾಗ ನಾ ಪೂರ್ತಿ ಹಿಡಿಯೂದಿಲ್ರಿ. ಎಡಗಡೆ ಒಂದ ಸಲ, ಬಲಗಡೆ ಒಂದ ಸಲ ನೋಡ್ಕೊಂಡು ಮನಸಿನಾಗ ಕೂಡಿಸ್ಕೋಬೇಕು."

ಉಜ್ವಲಾಳ ಸಿಟ್ಟು ದಾರಿ ತಪ್ಪಿತು.

"ನಿಮ್ಮನ್ನ ನೋಡಾಕತ್ತಿಲ್ರಿ. ನಿಮ್ಮ ಹಿಂದಿನ ಬಾಕ ನೋಡಾಕತ್ತೀನಿ. ಇಡೀ ದವಾಖಾನ್ಯಾಗ ಕೈ ಇಲ್ಲದ್ದು ಅದೊಂದ ಐತಿ. ನೀವು ಕುಂದರ್ತೀರಿ ಅಂತ ನಾ ಕಾಯಾಕತ್ತೀನಿ, ನೀವ್ ನೋಡಿದ್ರ ಅದಕ್ಕ ಕಾವಲ ನಿಂತೀರಿ."

ಅವಳು ತಿರುಗಿ ನೋಡಿದಳು. ಹಿಂದೆ ನಿಜಕ್ಕೂ ಒಂದು ಬಾಕು ಇತ್ತು, ಹಳೆಯ ಮರದ ಬೆಂಚು. ಇಷ್ಟು ಹೊತ್ತು ಅದಕ್ಕೆ ಬೆನ್ನು ಮಾಡಿ ನಿಂತು ಕಾಲು ನೋಯಿಸಿಕೊಂಡಿದ್ದಳು. ನಗು ಬಂತು, ನುಂಗಿದಳು. ಇಬ್ಬರೂ ಎರಡು ತುದಿಗೆ ಕೂತರು. ಬಾಕು ನರಳಿತು. ಮರುಗಳಿಗೆ ಅದೇ ನರಳಿಕೆ ಅವನ ಬಾಯಿಂದ ಬಂತು, ಮುದುಕನ ದನಿಯಲ್ಲಿ: "ಅಗಾಯಿಗ... ದೇವಾ ಮಲ್ಲಯ್ಯಾ, ಇಬ್ಬರೂ ಒಮ್ಮಿಗೇ ಏನೋ?"

ಆಮೇಲೆ ಅವನು ಹೆಸರು ಕೂಗುವ ಹುಡುಗಿಯಾದ, ಬಾಗಿಲು ಮುಚ್ಚಲಾರದೆ ಗೊಣಗುವ ಲಿಫ್ಟ್ ಆದ, "ಪಥ್ಯ, ಪಥ್ಯ" ಎನ್ನುತ್ತಲೇ ಬಿಸ್ಕತ್ತು ಕಡಿಯುವ ಡಯೆಟೀಶಿಯನ್ ಮೇಡಂ ಆದ. ಉಜ್ವಲಾ ಸೆರಗು ಬಾಯಿಗೆ ತುರುಕಿಕೊಂಡು ನಕ್ಕಳು. ಮೈ ಮರೆಯುವುದು ಎಂದು ಜನ ಅನ್ನುತ್ತಾರಲ್ಲ, ಅದು ಅವಳಿಗೆ ಎಂದೂ ಆಗಿರಲಿಲ್ಲ. ನೂರಿಪ್ಪತ್ತು ಕಿಲೊ ಮೈಯನ್ನು ಯಾರು ತಾನೇ ಮರೆಯಲು ಬಿಡುತ್ತಾರೆ? ಅಂದು ಮರೆತಳು.

ನಗುತ್ತಿದ್ದವಳು ಫಕ್ಕನೆ ನಗು ನಿಲ್ಲಿಸಿದಳು. "ತಡೀರಿ. 'ಅಕ್ಕಂದಿರೇ, ಅವ್ವಂದಿರೇ, ಸೀರಿ ಸುಗ್ಗಿ ಬಂದೈತಿ, ನಡೀರಿ ನಿಪ್ಪಾಣಿಗಿ!' ಅದು ನೀವೇನ್ರಿ?"

"ನಾನರೀ."

ಚಿಕ್ಕೋಡಿ, ನಿಪ್ಪಾಣಿ, ಅಥಣಿ ಕಡೆಯ ಆಟೊಗಳ ನೆತ್ತಿಯ ಮೇಲಿನ ಭೋಂಗಾ ಮೈಕಿನಲ್ಲಿ ಅಂಗಡಿಗಳ ಜಾಹೀರಾತು ಕೂಗುವ ದನಿ ಅವನದು. ಹೆಸರು ಅಮೋಘಸಿದ್ದ, ಊರು ಮುಗಳಖೋಡ. ಅಜ್ಜ ಕುರಿ ಕಾದವನು, ಅಪ್ಪ ತುಂಡು ಹೊಲ ಮಾಡಿದವನು. ಇವನು ಮನೆಯ ಒಳಕೋಣೆಯಲ್ಲಿ ಕೌದಿ ಹೊದ್ದು ಕೂತು, ಮೊಬೈಲಿನಲ್ಲಿ ಮಾತು ತುಂಬಿ ಕಳಿಸುತ್ತಿದ್ದ. ಅವನ ದನಿ ಎಲ್ಲ ಗಲ್ಲಿಯಲ್ಲಿ ತಿರುಗುತ್ತಿತ್ತು. ಅವನು ಮಾತ್ರ ಹೊಸ್ತಿಲು ದಾಟುತ್ತಿರಲಿಲ್ಲ.

"ನಮ್ಮವ್ವಗ ನಿಮ್ಮ ದನಿ ಅಂದ್ರ ಭಾಳ ಪ್ರೀತಿ," ಉಜ್ವಲಾ ಅಂದಳು. "'ಎಷ್ಟ ಛಂದ ಹುಡುಗ ಇದ್ದಾನೊ ಏನೊ' ಅಂತಾಳ."

"ಹಂಗ ಅನಕೋತ ಇರ್ಲಿ ಬಿಡ್ರಿ. ಮಾರಿ ತೋರಿಸಿ ಯಾಕ ಧಂದೆ ಹಾಳ ಮಾಡ್ಕೋಬೇಕು?"

ಒಳಗಿನಿಂದ ಹೆಸರು ಕರೆಯಲು ಇನ್ನೂ ಹೊತ್ತಿತ್ತು.

"ನೀವ್ಯಾಕ ಬಂದ್ರಿ?" ಅವಳು ಕೇಳಿದಳು.

"ನಿದ್ದ್ಯಾಗ ನನ್ನ ಉಸರ ನಿಲ್ತೈತ್ರಿ. ನಮ್ಮಪ್ಪಗೂ ಹಂಗ ನಿಲ್ತಿತ್ತು. ಒಂದ ದಿನ ನಿಂತದ್ದು ಹೊಳ್ಳಿ ಬರ್ಲಿಲ್ಲ." ಅವನು ತನ್ನ ಅಂಗೈ ನೋಡಿಕೊಂಡ. "ಹೊರಾಕ ಹೆಗಲ ಸಾಲಲಿಲ್ರಿ. ಟ್ರ್ಯಾಕ್ಟರಿನಾಗ ಹಾಕ್ಕೊಂಡ ಹ್ವಾದಿವಿ, ಕಬ್ಬ ಒಯ್ದಂಗ. ದಾರ್ಯಾಗ ಒಬ್ಬಾಂವ 'ಯಾವ ಕಾರ್ಖಾನಿಗ್ರಿ?' ಅಂತ ಕೇಳಿದ."

ಆ ಒಬ್ಬಾತನ ದನಿಯನ್ನೂ ಅವನು ಹಾಗೆಯೇ ತೆಗೆದ. ಉಜ್ವಲಾಗೆ ನಗಲಾಗಲಿಲ್ಲ.

ತನ್ನದನ್ನೂ ಹೇಳಿದಳು. ಅಥಣಿಯಲ್ಲಿ ಕಾಕಾನ ಮಗಳ ಮದುವೆ. ಪಂಕ್ತಿಯಲ್ಲಿ ಕೂತಾಗ ಪ್ಲಾಸ್ಟಿಕ್ ಕುರ್ಚಿಯ ಕಾಲು ಮುರಿಯಿತು. ಬಿದ್ದಳು, ಎತ್ತಲು ನಾಲ್ಕು ಜನ ಬಂದರು, ಫೋನ್ ಹಿಡಿದು ಹತ್ತು ಜನ ಬಂದರು. ಮರುದಿನದ ಹೊತ್ತಿಗೆ ಅವಳು ಬೀಳುವುದನ್ನು ಕಾಗವಾಡದಿಂದ ರಾಯಬಾಗದ ತನಕ ಎಲ್ಲರ ಮೊಬೈಲೂ ನೋಡಿಯಾಗಿತ್ತು. ಯಾರೋ ಅದಕ್ಕೆ ಹಲಗೆ ಬಡಿಯುವ ಸದ್ದನ್ನೂ ಕೂಡಿಸಿದ್ದರು.

"ನಾನೂ ನೋಡೀನ್ರಿ ಅದನ್ನ," ಅಮೋಘಸಿದ್ದ ಮೆಲ್ಲಗೆ ಅಂದ. "ನಗಲಿಲ್ರಿ. ನನ್ನ ಸರದಿ ಯಾವಾಗ ಅಂತ ನೋಡಿದ್ನಿ."

ಡಾಕ್ಟರು ಚಿತ್ರ ತೆಗೆದು ಹೇಳಿದರು. ಹೊಟ್ಟೆಯ ಚೀಲದಲ್ಲಿ ಬಹುಪಾಲು ಕತ್ತರಿಸಿ ತೆಗೆಯುವುದು, ಉಳಿದದ್ದು ಬಾಳೆಕಾಯಿಯಷ್ಟು ಸಪೂರ. ಆಮೇಲೆ ವಾರಗಟ್ಟಲೆ ಬರೀ ನೀರಿನಂಥದ್ದು, ಗುಟುಕು ಗುಟುಕು. ಅದಾದ ಮೇಲೆ ಅರೆದದ್ದು, ಅದಾದ ಮೇಲೆ ಮೆತ್ತನ್ನದು. ಕತ್ತರಿಸಿದ್ದನ್ನು ಮತ್ತೆ ಹೊಲಿಯಲು ಬರುವುದಿಲ್ಲ. ಯೋಚಿಸಿ ಬನ್ನಿ.

ಉಜ್ವಲಾ ಹೊರಗೆ ಬಂದು ಮತ್ತೆ ಬಾಕಿನ ಮೇಲೆ ಕೂತಳು. "ನಾ ಒಲ್ಲೆ. ನನಗ ಅಂಜಿಕಿ ಬರತೈತಿ. ಒಬ್ಬಾಕಿನ..."

"ಒಬ್ಬಾಕಿ ಯಾಕ್ರಿ? ಹೊಳಿ ಇಬ್ಬರೂ ಕೂಡಿ ಹಾಯೋಣು. ನೀವ ಮೊದಲ ಇಳೀರಿ, ಬೆನ್ನಿಗೆ ನಾನೂ ಇಳೀತೀನಿ."

"ದೇವರಾಣಿ?"

"ಅಮೋಘಸಿದ್ದನಾಣಿ. ನನ್ನ ಹೆಸರಿನ ದೇವರನ್ನ ನಾ ಹೆಂಗ ಸುಳ್ಳ ಮಾಡ್ಲಿ?"

*

ಮಂಗಸೂಳಿಯಲ್ಲಿ ಉಜ್ವಲಾಳ ತೋಟದ ಮನೆಯೊಳಗೆ ಯುದ್ಧ ಶುರುವಾಯಿತು. ಶಸ್ತ್ರ ಹಿಡಿದವಳು ಅವ್ವ ಶಿವಗಂಗವ್ವ, ಶಸ್ತ್ರವೆಂದರೆ ಹೋಳಿಗೆ.

"ದೇವರ ಕೊಟ್ಟ ಹೊಟ್ಟಿ ಕೊಯ್ಸಿ ಕಸದ ಬುಟ್ಟ್ಯಾಗ ಒಗೀತಾರಂತ! ನಾ ಏನ್ ಇಷ್ಟ ದಿನ ವಿಷ ಹಾಕೀನೇನ ನಿನಗ?"

"ವಿಷ ಅಲ್ಲಬೇ ಅವ್ವಾ, ತುಪ್ಪ ಹಾಕಿದಿ."

"ಹೌದವಾ, ತುಪ್ಪ ಹಾಕಿದ್ದ ನನ್ನ ತಪ್ಪ."

ಈಶ್ವರ ಮಾತ್ರ ಒಪ್ಪಿದ. ಒಪ್ಪಿದ ರೀತಿ ಬೇರೆ. "ಮಾಡಿಸ್ಲಿ ಬಿಡವಾ. ಇಕಿ ಒಂದ ಸಲ ಸಣ್ಣ ಆದ್ಲಂದ್ರ, ಮುಂದಿನ ಸುಗ್ಗಿಯೊಳಗ ಲಗ್ನ ಮಾಡಿ ಕೈ ತೊಳಕೋತೀನಿ." ಒಣದ್ರಾಕ್ಷಿ ಶೆಡ್ಡಿನಲ್ಲಿ ಕಾಳು ಆರಿಸುವ ಹೆಂಗಸರ ಮುಂದೆಯೇ ಹೇಳಿದ. ಉಜ್ವಲಾ ತಲೆ ಎತ್ತದೆ ಕಡ್ಡಿ ಆರಿಸುತ್ತಿದ್ದಳು. ತಾನೂ ಜಾಳಿಗೆಯ ಮೇಲೆ ಹರವಿದ ಮಾಲು. ಒಣಗಿದ ಮೇಲೆ ದರ.

ಅದನ್ನು ಸಂಜೆ ಫೋನಿನಲ್ಲಿ ಅಮೋಘಸಿದ್ದನಿಗೆ ಹೇಳಿದಳು.

"ಉಜ್ವಲಾ, ನೀ ಯಾರ ಸಲುವಾಗಿ ಮಾಡಿಸ್ಕೊಳ್ಳಾಕತ್ತಿ?" ಅಷ್ಟರಲ್ಲಿ 'ನೀವು' 'ನೀ' ಆಗಿತ್ತು.

"ನನ್ನ ಮೊಣಕಾಲಿನ ಸಲುವಾಗಿ. ನನ್ನ ಶುಗರಿನ ಸಲುವಾಗಿ." ತಡೆದಳು. "ಮತ್ತ ಕುರ್ಚಿ ಮ್ಯಾಲ ಅಂಜದ ಕುಂದರಬೇಕು. ಅಷ್ಟ."

"ಹಂಗಾದ್ರ ಮಾಡಿಸ್ಕೊ. ಲಗ್ನದ ಸಲುವಾಗಿ ಅಂದಿದ್ರ ಬ್ಯಾಡ ಅಂತಿದ್ನಿ."

"ಯಾಕ?"

"ಲಗ್ನದ ಸಲುವಾಗಿ ನೀ ಏನೂ ಕಳಕೊಳ್ಳೂದ ಬೇಕಾಗಿಲ್ಲ." ಮರುಕ್ಷಣ ದನಿ ಭೋಂಗಾ ಆಯಿತು: "ಇದ್ದದ್ದು ಇದ್ದಂಗ, ಇಂದ ಬರ್ರಿ, ನಾಳೆ ಸಿಗಂಗಿಲ್ಲ!"

ಫೋನ್ ಇಟ್ಟ ಮೇಲೂ ಅವಳ ಕಿವಿ ಬೆಚ್ಚಗಿತ್ತು.

ಆಪರೇಶನ್ನಿಗೆ ಅವಳ ದಿನ ಗೊತ್ತಾಯಿತು. ಅವನದು ಮುಂದಿನ ವಾರ ಎಂದು ಅವನು ಹೇಳಿದ. ಆ ಹೊತ್ತಿಗೆ ಅವನ ದನಿ ಯಾಕೋ ಸ್ವಲ್ಪ ಕುಸಿದಿತ್ತು. "ಅಂಜಿಕಿ ಬಂತೇನೊ?" ಎಂದಳು. "ಬಂದೈತಿ," ಅಂದ. "ಆದ್ರ ನೀ ಇಳಿ. ನಾ ನಿನ್ನ ಹಿಂದ ಅದೀನಿ."

*

ಎಚ್ಚರವಾದಾಗ ಹೊಟ್ಟೆಯ ಮೇಲೆ ಐದು ಪಟ್ಟಿ, ಹೆಗಲಲ್ಲಿ ಹೊಟ್ಟೆಗೆ ತುಂಬಿದ ಗಾಳಿಯ ನೋವು, ಗಂಟಲು ಒಣಗಿದ ಬಾವಿ. ನೀರು ಕೊಡಿ ಎಂದರೆ ನರ್ಸ್ ಅಕ್ಕುತಾಯಿ ಹತ್ತಿ ಒದ್ದೆ ಮಾಡಿ ತುಟಿಗೆ ಒತ್ತಿದಳು.

"ಏ ಪೋರಿ, ಊಠ! ನಡೀ, ನಡ್ಯಾಕ ಸುರು ಮಾಡು. ಮಕ್ಕೊಂಡ್ರ ರಕ್ತ ಮಕ್ಕೋತೈತಿ!"

ಅಕ್ಕುತಾಯಿಗೆ ಮರಾಠಿ ಬಾಯಿ, ಕನ್ನಡದ ಕರುಳು. ಅವಳ ತೋಳಿಗೆ ಜೋತು ಉಜ್ವಲಾ ವರಾಂಡದಲ್ಲಿ ಹೆಜ್ಜೆ ಎಳೆದಳು. ಪ್ರತಿ ಹೆಜ್ಜೆಗೂ ಒಳಗೆ ಏನೋ ಹರಿಯುತ್ತಿದೆ ಅನ್ನಿಸಿತು. ಔಷಧಿಯ ಚಿಕ್ಕ ಬಟ್ಟಲಲ್ಲಿ ನೀರು, ಅದನ್ನೂ ಕಾಲು ಗಂಟೆ ಹಿಡಿದು ಮುಗಿಸಬೇಕು. ಅವಸರ ಮಾಡಿದರೆ ಎದೆಯಲ್ಲಿ ಕಲ್ಲು.

ಮನೆಗೆ ಬಂದದ್ದು ಇನ್ನೊಂದು ಶಿಕ್ಷೆ. ನೋವಿಗೆ ಗುಳಿಗೆ ಇತ್ತು. ವಾಸನೆಗೆ ಇರಲಿಲ್ಲ. ಬೆಳಿಗ್ಗೆ ರೊಟ್ಟಿ ಬಡಿಯುವ ಸಪ್ಪಳ, ಮಧ್ಯಾಹ್ನ ಎಣ್ಣೆಗಾಯಿಯ ಘಮ. ವಿಚಿತ್ರವೆಂದರೆ ಹಸಿವೇ ಸತ್ತಿತ್ತು. ಆಸೆ ಮಾತ್ರ ಬದುಕಿತ್ತು. ಸತ್ತವರ ಮನೆಯಲ್ಲಿ ಅವರ ಚಪ್ಪಲಿ ನೋಡಿದಂತೆ ಅವಳು ತನ್ನ ತಾಟು ನೋಡುತ್ತಿದ್ದಳು. ಅವ್ವ ಅದನ್ನು ತೊಳೆದು ಗೋಡೆಗೆ ಬೋರಲು ಹಾಕಿ ಹಿತ್ತಲಿಗೆ ಹೋಗಿ ಅಳುತ್ತಿದ್ದಳು. ಮೂವತ್ತೊಂದು ವರ್ಷ ಅವಳು ಮಗಳಿಗೆ ಮುದ್ದು ಮಾಡಿದ್ದೆಲ್ಲ ತುತ್ತಿನಲ್ಲಿ. ಈಗ ಅವಳಿಗೆ ಮಗಳ ಜೊತೆ ಮಾತಾಡುವ ಭಾಷೆಯೇ ಇರಲಿಲ್ಲ.

ಸರಿಯಾಗಿ ಊಟದ ಹೊತ್ತಿಗೆ ಅವನ ಫೋನು ಬರುತ್ತಿತ್ತು.

ಮೊದಲ ವಾರ ಅವಳು ಒಬ್ಬಳೇ ಹೊಳೆಯಲ್ಲಿದ್ದಳು. ಆಮೇಲೆ ಅವನ ದನಿಯೂ ಸೋತು, ಮುರಿದು, ಉಸಿರಿಗೆ ತಡವರಿಸಿ ಬಂತು. "ಆತು... ನಂದೂ ಆತು. ಹೆಗಲ ಹರಿದ ಬೀಳಾಕತ್ತೈತಿ ಉಜ್ವಲಾ." ಹಿಂದಿನಿಂದ ಅಕ್ಕುತಾಯಿಯ ಗದರಿಕೆ ಕೇಳಿಸಿತು, ಫೋನು ಇಟ್ಟು ನೀರು ಕುಡಿ ಅಂತ: "ಏ ಬಾಳಾ, ಫೋನ ಠೇವ ಕೀ! ಪಾಣಿ ಪೀ!"

ಉಜ್ವಲಾ ಅತ್ತಳು, ನಕ್ಕಳು, ಹೊಟ್ಟೆಯ ಹೊಲಿಗೆ ಹಿಡಿದುಕೊಂಡಳು.

ಅಲ್ಲಿಂದ ಇಬ್ಬರ ಊಟವೂ ಜೊತೆಗೇ. ಅವಳು ಇಲ್ಲಿ ಬೇಳೆಯ ತಿಳಿ, ಅವನು ಅಲ್ಲಿ ಬೇಳೆಯ ತಿಳಿ.

"ಇವತ್ತ ಏನ್ ಅಡಿಗಿ?" ಅವನು ಕೇಳುತ್ತಿದ್ದ.

"ನೀರು."

"ನಮ್ಮಲ್ಲೆ ವಿಶೇಷ ಐತಿ. ನೀರಿಗೆ ನೀರಿನ ಒಗ್ಗರಣಿ." ಗುಟುಕು. ಫೋನಿನಲ್ಲಿ ಅವನು ನುಂಗುವ ಸದ್ದು ಕೇಳುತ್ತಿತ್ತು. "ಹೂಂ, ಈಗ ನೀ ತಗೊ. ಸಾವಕಾಶ. ನನ್ನ ಬಿಟ್ಟ ಮುಂದ ಓಡಬ್ಯಾಡ."

"ಅಮೋಘ, ನನಗ ನಾನ ಯಾರೊ ಅನಸಾಕತ್ತೀನಿ. ಅರಿವಿ ಸಡ್ಲ ಆಗ್ಯಾವ, ಎಲ್ಲಾರೂ ಛಲೋ ಆತು ಅಂತಾರ. ನನಗ ಮಾತ್ರ ಯಾರೊ ಸತ್ತಂಗ ಅನಸತೈತಿ."

"ಸತ್ತಾಕಿ ಛಲೋ ಹೆಣಮಗಳ ಇದ್ಲು. ನಾ ಆಕಿನ್ನ ಪ್ರೀತಿ ಮಾಡ್ತಿದ್ನಿ." ಗುಟುಕು ನುಂಗಿದ ಸದ್ದು. "ಉಳದಾಕಿನ್ನೂ ನೋಡೋಣು. ಗುರುತ ಆಗ್ಲಿ."

ಅವನು ಅದನ್ನು ಯಾರ ದನಿಯಲ್ಲೂ ಹೇಳಲಿಲ್ಲ. ಉಜ್ವಲಾ ಬಟ್ಟಲು ತುಟಿಗೆ ಹಿಡಿದಳು. ಆ ದಿನ ನೀರಿಗೂ ರುಚಿ ಇತ್ತು.

*

ರವಿವಾರ ಶಿವಗಂಗವ್ವ ಮಲ್ಲಯ್ಯನ ಗುಡಿಗೆ ಹೋಗಿ ಬಂದಳು. ಹಣೆ ತುಂಬ ಭಂಡಾರದ ಅರಿಸಿನ, ಮುಷ್ಟಿಯಲ್ಲಿ ಒಣಕೊಬ್ಬರಿ. ಮಲ್ಲಯ್ಯನಿಗೆ ಹಾರಿಸಿದ ಭಂಡಾರ, ಕೊಬ್ಬರಿ ಎಂದರೆ ಈ ಸೀಮೆಯಲ್ಲಿ ಅದು ತಿನಿಸಲ್ಲ, ದೇವರ ಮಾತು. ಅವಳು ಮಗಳ ಹಣೆಗೆ ಅರಿಸಿನ ಹಚ್ಚಿ, ಬೆರಳ ತುದಿಯಷ್ಟು ಕೊಬ್ಬರಿ ಮುರಿದು ಬಾಯಿಗೆ ಹಿಡಿದಳು.

"ಬ್ಯಾಡಬೇ ಅವ್ವಾ. ಗಟ್ಟಿದ್ದು ನಡ್ಯೂದಿಲ್ಲ ಅಂದಾರ."

"ಊಟ ಬ್ಯಾಡ ಅಂದಾರ. ಇದ ಊಟ ಅಲ್ಲ, ಪ್ರಸಾದ. ಪ್ರಸಾದಕ್ಕ ಪಥ್ಯ ಇಲ್ಲ ಮಗಳ."

ಉಜ್ವಲಾಗೆ ಗೊತ್ತಿತ್ತು, ಬೇಡ. ಆದರೆ ಹಲ್ಲುಗಳಿಗೆ ಗೊತ್ತಿರಲಿಲ್ಲ. ಅಷ್ಟು ದಿನ ಅವಕ್ಕೆ ಕೆಲಸವೇ ಇರಲಿಲ್ಲ. ಬರೀ ಜಗಿಯುತ್ತೇನೆ, ರಸ ನುಂಗಿ ಸಿಪ್ಪೆ ಉಗುಳುತ್ತೇನೆ ಎಂದುಕೊಂಡು ಬಾಯಿ ತೆರೆದಳು. ಕೊಬ್ಬರಿ ಹಲ್ಲಿಗೆ ಸಿಕ್ಕಾಗ ಕಣ್ಣಲ್ಲಿ ನೀರು ಬಂತು. ಅಷ್ಟು ಸುಖ. ಜಗಿದು ಜಗಿದು, ಉಗುಳಬೇಕೆಂದು ಮುಖ ತಿರುಗಿಸಿದಳು. ಎದುರಿಗೆ ಅವ್ವ ಕೈ ಮುಗಿದು ನಿಂತಿದ್ದಳು. ಪ್ರಸಾದವನ್ನು ಹೇಗೆ ಉಗುಳುವುದು? ಹುಟ್ಟಿದಾಗಿನಿಂದ ಯಾರೂ ಅದನ್ನು ಕಲಿಸಿರಲಿಲ್ಲ.

ನುಂಗಿದಳು.

ಸಂಜೆಯೊಳಗೆ ಎದೆಗೂಡಿನ ಕೆಳಗೆ ಬೆಂಕಿಯ ಗೂಟ. ಗುಟುಕು ನೀರೂ ಇಳಿಯದೆ ನೊರೆಯಾಗಿ ವಾಪಸು. ವಾಂತಿಯ ಕೊನೆಗೆ ಎಳೆ ರಕ್ತ. ಈಶ್ವರ ಗಾಡಿ ಓಡಿಸಿದ. ಶಿವಗಂಗವ್ವ ಹಿಂದಿನ ಸೀಟಿನಲ್ಲಿ ಮಗಳ ತಲೆ ತೊಡೆಯ ಮೇಲಿಟ್ಟುಕೊಂಡು, "ನಾನ ಕೊಂದ್ನಿ, ನನ್ನ ಕೈಯಾರೆ ಕೊಂದ್ನಿ" ಎಂದು ಮಿರಜದ ತನಕ ಒಂದೇ ಮಾತು ಹೇಳುತ್ತ ಬಂದಳು.

ಬಾಯಿಂದ ನಳಿಗೆ ಇಳಿಸಿ ಕೊಬ್ಬರಿ ತೆಗೆದರು. ಒಳಗಿನ ಹೊಲಿಗೆ ಪುಣ್ಯಕ್ಕೆ ಬಿಟ್ಟಿರಲಿಲ್ಲ. ಬಿಟ್ಟಿದ್ದರೆ, ಎಂದು ಡಾಕ್ಟರು ಶುರು ಮಾಡಿ ಅವ್ವನ ಮುಖ ನೋಡಿ ಮಾತು ನಿಲ್ಲಿಸಿದರು.

ಬೆಳಿಗ್ಗೆ ಅಕ್ಕುತಾಯಿ ಸಲಾಯಿನ್ ಬದಲಿಸಲು ಬಂದಳು. ಉಜ್ವಲಾಗೆ ನಳಿಗೆ ತಿಕ್ಕಿದ ಗಂಟಲಿನಿಂದ ದನಿ ಕಷ್ಟಪಟ್ಟು ಹೊರಟಿತು.

"ಅಕ್ಕಾ, ಅಮೋಘಸಿದ್ದ ಎಷ್ಟನೇ ದಿನಕ್ಕ ಮನಿಗೆ ಹ್ವಾದ? ನೀವು ಅವಂಗ ಭಾಳ ಬೈತಿದ್ರಿ ಅಲಾ, ಫೋನ ಇಡು ಅಂತ?"

"ನಾನಾ? ಯಾರಿಗೆ?"

"ಅಂವ ದೊಡ್ಡಾಂವ... ನಂದಾದ ಮುಂದಿನ ವಾರಕ್ಕ ಆಪರೇಶನ್ ಆತಲಾ. ಮಿಮಿಕ್ರಿ ಮಾಡ್ತಾನ."

ಅಕ್ಕುತಾಯಿಯ ಕೈ ನಿಂತಿತು. "ಮುಗಳಖೋಡದ ಪೋರನಾ? ಅವಂದೆಲ್ಲೆ ಆಪರೇಶನ್ ಆತು? ಎದಿ ತಪಾಸಣಿ ಮಾಡಿದ್ರು, ಪಂಪ ಭಾಳ ಕಮ್ಮಿ ಹೊಡ್ಯಾಕತ್ತೈತಿ ಅಂದ್ರು. ಟೇಬಲ್ ಮ್ಯಾಲ ಉಳಿಯೂದಿಲ್ಲ ಅಂತ ಸರ್ ವಾಪಸ್ ಕಳಿಸಿದ್ರು ಅಂವನ್ನ. ನಿಂದು ಆಗೂಕ್ಕಿಂತ ಮೊದಲ."

ಸಲಾಯಿನ್ ಹನಿ ಬೀಳುವುದು ಮಾತ್ರ ಕಾಣಿಸುತ್ತಿತ್ತು. ಹಾಗಾದರೆ ಆ ನರಳಿಕೆ, ಆ ಹೆಗಲು ನೋವು, ಆ ಗದರಿಕೆ? ಎಲ್ಲ ಅವನೇ. ಕೌದಿಯೊಳಗೆ ಕೂತು ಅವನು ಇಡೀ ವಾರ್ಡನ್ನು ಕಟ್ಟಿದ್ದ.

ಮಧ್ಯಾಹ್ನ ಊಟದ ಹೊತ್ತಿಗೆ ಫೋನು ಬಂತು. ಅವಳು ಎತ್ತಲಿಲ್ಲ. ಮತ್ತೆ ಬಂತು. ಎತ್ತಿ, ಒಂದೇ ಮಾತು ಹೇಳಿ ಇಟ್ಟಳು: "ಅಕ್ಕುತಾಯಿ ಇಲ್ಲೇ ಅದಾಳ. ಖರೇ ಅಕ್ಕುತಾಯಿ."

*

ಮರುದಿನ ಮಧ್ಯಾಹ್ನ ಅವನು ಬಂದ. ರಾಯಬಾಗದಿಂದ ರೈಲು ಹಿಡಿದು, ಮೆಟ್ಟಿಲಲ್ಲಿ ನಿಂತು ನಿಂತು ಉಸಿರು ಹಿಡಿದು ಬಂದಿದ್ದ. ಶಿವಗಂಗವ್ವ ಚಹಾಕ್ಕೆ ಕೆಳಗೆ ಹೋಗಿದ್ದಳು. ಕುಡಿಯಲು ಅಲ್ಲ, ಅಳಲು. ಕೊಬ್ಬರಿ ಕೊಟ್ಟ ದಿನದಿಂದ ಅವಳ ಗಂಟಲಿನಲ್ಲೂ ಏನೂ ಇಳಿದಿರಲಿಲ್ಲ.

ಉಜ್ವಲಾ ಅವನನ್ನು ನೋಡಿದಳು. ಮುಖ ಇಳಿದಿತ್ತು. ಅಂದು ಜೀವ ಹಿಡಿದುಕೊಂಡಿದ್ದ ಗುಂಡಿಗಳು ಈಗ ಆರಾಮಾಗಿ ಕೂತಿದ್ದವು. ಕಣ್ಣ ಸುತ್ತ ಕಪ್ಪು.

"ನಿನ್ನ ಹೆಸರಿನ ದೇವರ ಆಣಿ ಹಾಕಿದ್ದಿ."

"ಹೌದು."

"ಕೂಡಿ ಹಾಯೋಣು ಅಂದಿ. ಒಬ್ಬಾಕಿನ್ನ ನೀರಿಗೆ ದೂಡಿದಿ."

"ದಂಡಿ ಮ್ಯಾಲ ನಿಂತ ಕೂಗಿನಿ, ಉಜ್ವಲಾ. ನನಗ ಬರೂದ ಅದೊಂದ."

"ಮಸ್ಕಿರಿ ಮಾಡಬ್ಯಾಡ."

"ಮಸ್ಕಿರಿ ಅಲ್ಲ." ಅವನು ಮಂಚದ ಸರಳು ಹಿಡಿದುಕೊಂಡ. "ನನ್ನ ಎದಿ ಒಲ್ಲೆ ಅಂತು. ಅದನ್ನ ನಿನಗ ಹೇಳಿದ್ರ ನೀನೂ ಒಲ್ಲೆ ಅಂತಿದ್ದಿ. ಅಂತಿದ್ದಿಲ್ಲೊ?"

ಒಲ್ಲೆ ಅನ್ನುತ್ತಿದ್ದಳು. ಇಬ್ಬರಿಗೂ ಗೊತ್ತಿತ್ತು.

"ಮತ್ತ ಆ ನೀರು? ದಿನಾ ನನ್ನ ಜೋಡಿ ನುಂಗ್ತಿದ್ದಿ ಅಲಾ, ಅದೂ ಬಾಯಿಲೆ ಮಾಡೂ ಸಪ್ಪಳ ಏನು?"

"ಅದೊಂದ ಖರೆ." ಅವನ ಕಿವಿ ಕೆಂಪಾಯಿತು. "ನೀ ತಿಳಿ ಕುಡ್ಯೂವಾಗ ನಾ ರೊಟ್ಟಿ ಹೆಂಗ ಮುರೀಲಿ? ನೀ ಕುಡದದ್ದ ಕುಡದ್ನಿ. ಒಂದ ಸಲ ರೆಕಾರ್ಡಿಂಗ್ ಮಾಡೂ ಮುಂದ ತಲಿ ತಿರುಗಿ ಬಿದ್ನಿ. 'ಸೀರಿ ಸುಗ್ಗಿ' ಅ‍ನ್ನೂದ ಅಲ್ಲೆ ನಿಂತು."

"ಹುಚ್ಚ ಅದೀಯೇನೊ? ಹಂತಾ ಎದಿ ಇಟ್ಕೊಂಡು ಉಪಾಸ? ಸತ್ತಿದ್ರ?"

"ಸತ್ತಿದ್ರ ಹೊರಾಕ ಹಗರ ಆಗ್ತಿದ್ನಿ."

ಅವಳ ಕೈ ಎದ್ದಿತು, ಹೊಡೆಯಲು. ಸಲಾಯಿನ್ ಸೂಜಿ ಎಳೆಯಿತು. ಕೈ ಅಲ್ಲೇ ನಿಂತಿತು. ಅವನು ಮುಂದೆ ಬಾಗಿ, ಆ ಕೈಗೆ ತನ್ನ ಗಲ್ಲವನ್ನು ತಾನೇ ತಂದು ಕೊಟ್ಟ. ಹೊಡೆತ ಅಲ್ಲಿ ಹೊಡೆತವಾಗಿ ಉಳಿಯಲಿಲ್ಲ. ಅವಳ ಬೆರಳುಗಳು ಅವನ ಗಡ್ಡದ ಚುಚ್ಚಿನ ಮೇಲೆ ನಿಂತವು.

"ಕೇಳು," ಅವನು ಕಣ್ಣು ಮುಚ್ಚಿ ಅಂದ. "ಗುಳಿಗಿ ಕೊಟ್ಟಾರ. ಪಥ್ಯಲೇ ತೂಕ ಇಳಸು, ಆಮ್ಯಾಲ ನೋಡೋಣು ಅಂದಾರ. ಆಗೂದೂ ಆದೀತು, ಆಗದನೂ ಇದ್ದೀತು. ಎದಿ ಎಷ್ಟ ದಿನ ದುಡೀತೈತೊ ಅವರಿಗೂ ಗೊತ್ತಿಲ್ಲ. ನೀ ಹೊಳಿ ದಾಟಿದಿ. ಇನ್ನ ತಿರುಗಿ ನೋಡಬ್ಯಾಡ. ನಿಮ್ಮಣ್ಣ ಹುಡುಗನ್ನ ನೋಡ್ತಾನ, ನಿಮ್ಮಂಥಾ ತ್ವಾಟದವರ ಪೈಕಿನ ನೋಡ್ತಾನ. ನಾ ಇದ ಹೇಳಾಕ ಬಂದ್ನಿ. ನನ್ನ ನಂಬರ ಅಳಿಸಿ ಒಗಿ."

"ಇದ ಯಾರ ದನಿಯೊ?"

"ಅಂದ್ರ?"

"ನಮ್ಮಣ್ಣಂದು ಮಾಡಾಕತ್ತಿ ನೀ. ಹುಬೇಹೂಬ ಐತಿ."

ಅವನು ಕಣ್ಣು ತೆರೆದ. ಆ ಕಣ್ಣುಗಳಲ್ಲಿ ಮೊದಲ ಬಾರಿಗೆ ಯಾರ ನಕಲೂ ಇರಲಿಲ್ಲ, ಹೆದರಿಕೆ ಇತ್ತು. ಬರೀ ಹೆದರಿಕೆ.

ಬಾಗಿಲಲ್ಲಿ ಸೀರೆಯ ಸಪ್ಪಳ. ಶಿವಗಂಗವ್ವ ನಿಂತಿದ್ದಳು. ಮಗಳ ಅಂಗೈ, ಅದರೊಳಗೆ ಯಾವನದೋ ಗಲ್ಲ. ಪಕ್ಕದ ಮಂಚದ ಮುದುಕಿ, ಅವಳ ಸೊಸೆ, ಸಲಾಯಿನ್ ನೋಡಲು ಬಂದ ಅಕ್ಕುತಾಯಿ, ಎಲ್ಲರ ಕತ್ತೂ ಒಮ್ಮೆಗೇ ಈ ಕಡೆ ಹೊರಳಿತು.

"ಯಾರವಾ ಇಂವ?"

ಪೇಶಂಟ್ ಎನ್ನಬಹುದಿತ್ತು. ಗೆಳೆಯ ಎನ್ನಬಹುದಿತ್ತು. ನಿನಗೆ ಪ್ರೀತಿಯ ಭೋಂಗಾದ ಹುಡುಗ ಇವನೇ ಎನ್ನಬಹುದಿತ್ತು. ಉಜ್ವಲಾ ಬೇರೆ ದಾರಿ ಹಿಡಿದಳು. ಹೆಂಡತಿಯಾದವಳು ಗಂಡನ ಹೆಸರನ್ನು ಬರಿದೇ ಹೇಳುವುದಿಲ್ಲ. ಪ್ರಾಸದಲ್ಲಿ ಸುತ್ತಿ, ಒಡಪು ಕಟ್ಟಿ ಹೇಳುತ್ತಾಳೆ. ಮದುವೆಯಾಗದ ಹುಡುಗಿ ಯಾರ ಹೆಸರಿಗೂ ಒಡಪು ಕಟ್ಟುವುದಿಲ್ಲ. ಕಟ್ಟಿದಳೆಂದರೆ ಆ ಮಾತಿಗೆ ವಾಪಸು ದಾರಿ ಇಲ್ಲ.

ಹರಿದ ಗಂಟಲಿನಿಂದಲೇ ಕಟ್ಟಿದಳು:

"ಹಿಡಿ ಅನ್ನ ಹಿಡಿಸದ ಹೊಟ್ಟಿಗಿ ಹಿಡಿಸ್ಯಾವ ಊರಷ್ಟ ಮಾತ,
ಅಮೋಘಸಿದ್ದರಾಯರ ಹೆಸರ ಹೇಳ್ತೀನಿ, ಅವ್ವಾ, ನೀ ಕೇಳ ಕೂತ."

"ಅಗ ಬಾಯಿ!" ಅಕ್ಕುತಾಯಿ ಬಾಯಿಗೆ ಕೈ ಇಟ್ಟಳು. ಪಕ್ಕದ ಮಂಚದ ಮುದುಕಿ ಹಲ್ಲಿಲ್ಲದ ಬಾಯಿ ಅರಳಿಸಿದಳು. ಶಿವಗಂಗವ್ವ ಮಾತ್ರ ಕೂರಲೂ ಇಲ್ಲ, ನಗಲೂ ಇಲ್ಲ.

"ಒಡಪ ಹಾಕಿದ ಮ್ಯಾಲ ಹಿಂದಕ್ಕ ತಗೊಳ್ಳಾಕ ಬರೂದಿಲ್ಲ. ಗೊತ್ತೈತೇನ ನಿನಗ?"

"ಗೊತ್ತೈತಿ ಅವ್ವಾ."

"ನಿಮ್ಮಣ್ಣ ಕುಣೀತಾನ."

"ಕುಣೀಲಿ."

ಅವ್ವ ಅವನ ಕಡೆ ತಿರುಗಿದಳು. ಬಾಗಿಲ ಹಿಂದೆ ಎಷ್ಟು ಹೊತ್ತು ನಿಂತಿದ್ದಳೋ, ಎಲ್ಲ ಕೇಳಿಸಿಕೊಂಡಿದ್ದಳು. "ನಿನ್ನ ಎದಿ ಎಷ್ಟ ವರ್ಷ ನಡೀತೈತಪಾ?"

ಅಮೋಘಸಿದ್ದ ಬಾಯಿ ತೆರೆದ. ಅವನ ಬಳಿ ನೂರು ದನಿಗಳಿದ್ದವು, ಒಂದೂ ಬರಲಿಲ್ಲ. "ಗೊತ್ತಿಲ್ರಿ," ಅಂದ. "ಭಾಳ ಇಲ್ಲ ಅನಸ್ತೈತ್ರಿ."

"ನಮ್ಮನಿಯವರು ಬಳ್ಳಿ ಇದ್ದಂಗ ಇದ್ರು. ತೆಳ್ಳಗ. ತ್ವಾಟಕ್ಕ ಹೋಗಿ ಬರ್ತೀನಿ ಅಂದಾವರು ಬರ್ಲೇ ಇಲ್ಲ." ಅವಳು ಸೆರಗಿನಿಂದ ಮೂಗು ಒರೆಸಿಕೊಂಡಳು. "ನನ್ನ ಕೈಯಾಗ ಇದ್ದ ದೇವರ ಪ್ರಸಾದ ಇಕಿನ್ನ ಕೊಲ್ಲಾಕ ಬಂದಿತ್ತು. ನಿನ್ನ ಸುಳ್ಳ ಇಕಿನ್ನ ಬದುಕಿಸೇತಿ. ಇನ್ನ ನಾ ಯಾರಿಗೆ ಏನ್ ಹೇಳ್ಲಿ?"

ಅವಳು ಹೊರಗೆ ಹೋಗಿ ವರಾಂಡದಲ್ಲಿ ನಿಂತಳು. ಒಪ್ಪಿಗೆ ಎನ್ನಲೂ ಇಲ್ಲ, ಬೇಡ ಎನ್ನಲೂ ಇಲ್ಲ. ಬಾಗಿಲನ್ನು ಮಾತ್ರ ಎಳೆದುಕೊಂಡು ಹೋದಳು.

"ನೀನೂ ಒಡಪ ಹೇಳಬೇಕೊ," ಉಜ್ವಲಾ ಪಿಸುಗುಟ್ಟಿದಳು.

"ಕಟ್ಟಾಕ ಬರವೊಲ್ದು."

"ಊರ ಮಂದಿ ಸೀರಿಗೆ ಕಟ್ಟತಿ."

"ಸೀರಿ ಸುಳ್ಳ ಇರತೈತಿ." ಅವನು ಮಂಚದ ಅಂಚಿಗೆ ಮೆಲ್ಲಗೆ ಕೂತ. "ಉಜ್ವಲಾ," ಅಂದ. ಮುಂದೆ ಏನೂ ಇರಲಿಲ್ಲ. ಪ್ರಾಸವಿಲ್ಲದೆ, ಸುತ್ತಿಲ್ಲದೆ, ಬರೀ ಹೆಸರು.

ಅವಳು ಅವನ ಮಣಿಕಟ್ಟು ಹಿಡಿದಳು. ಬೆರಳ ಕೆಳಗೆ ನಾಡಿ ಓಡುತ್ತಿತ್ತು. ಓಡುತ್ತ ಓಡುತ್ತ ಒಂದು ಹೊಡೆತ ತಪ್ಪಿತು. ಉಜ್ವಲಾ ಉಸಿರು ಹಿಡಿದಳು. ನಾಡಿ ಮತ್ತೆ ಬಂತು, ತಡವರಿಸಿತು, ಹೆಜ್ಜೆ ಹಿಡಿಯಿತು. ಅವಳು ಬೆರಳು ತೆಗೆಯಲಿಲ್ಲ.